ಯಾವ ಹೈಬ್ರಿಡ್, ಯಾವ ರಸ್ತೆಗೆ?

ಅಡಿಕೆಗೆ ಒಳ್ಳೆಯ ರೇಟು ಸಿಕ್ಕ ವರ್ಷ ಹೊಳಲ್ಕೆರೆ ಸೀಮೆಯ ಮನೆಗಳ ಮುಂದೆ ಹೊಸ ಕಾರು ನಿಲ್ಲುವುದು ವಿಶೇಷವೇನಲ್ಲ. ವಿಶೇಷವೆಂದರೆ ಈಚೆಗೆ ಆ ಕಾರುಗಳ ಹಿಂಬದಿಯಲ್ಲಿ ಕಾಣುವ ‘ಹೈಬ್ರಿಡ್’ ಎಂಬ ಅಕ್ಷರಗಳು. 2022ರಲ್ಲಿ ಮಾರುತಿ ಸುಝುಕಿ ಗ್ರ್ಯಾಂಡ್ ವಿಟಾರಾ ಕಾರನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಎರಡು ಹೈಬ್ರಿಡ್‌ಗಳಿದ್ದವು. ಒಂದರ ಹೆಸರು ‘ಸ್ಮಾರ್ಟ್ ಹೈಬ್ರಿಡ್’, ಇನ್ನೊಂದರದ್ದು ‘ಇಂಟೆಲಿಜೆಂಟ್ ಎಲೆಕ್ಟ್ರಿಕ್ ಹೈಬ್ರಿಡ್’. ಹೊರಗಿನ ಮೈಕಟ್ಟು ಹೆಚ್ಚು ಕಡಿಮೆ ಒಂದೇ. ಕಂಪನಿ ಹೇಳಿದ ಮೈಲೇಜ್ ಮಾತ್ರ ಮೊದಲನೆಯದರ ಮ್ಯಾನುಯಲ್ ಗೇರಿನ ಮಾದರಿಗೆ ಲೀಟರಿಗೆ 21.11 ಕಿ.ಮೀ., ಎರಡನೆಯದಕ್ಕೆ 27.97 ಕಿ.ಮೀ. ಬೆಲೆಯಲ್ಲಿ ಲಕ್ಷಗಟ್ಟಲೆ ಅಂತರ.

ಬಾನೆಟ್ ಎತ್ತಿದರೆ ವಿಚಿತ್ರವೊಂದು ಕಾಣುತ್ತದೆ. ಅಗ್ಗದ ಕಾರಿನಲ್ಲಿ 103 ಪಿ.ಎಸ್. ಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್ ಇದೆ, ದುಬಾರಿ ಕಾರಿನಲ್ಲಿ 92 ಪಿ.ಎಸ್.ನ ಮೂರು ಸಿಲಿಂಡರಿನದು. ಹೆಚ್ಚು ದುಡ್ಡು ಕೊಟ್ಟವರಿಗೆ ಕಡಿಮೆ ಎಂಜಿನ್ ಏಕೆ ಎಂದು ಕೇಳಿದರೆ, ಹೈಬ್ರಿಡ್ ಬಗೆಗಳ ಅರ್ಧ ಕಥೆ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಹೈಬ್ರಿಡ್‌ಗಳನ್ನು ಬೇರ್ಪಡಿಸಲು ಬ್ರೋಷರ್ ಓದಬೇಕಿಲ್ಲ, ಎರಡು ಪ್ರಶ್ನೆ ಸಾಕು. ಎಂಜಿನ್ ಪೂರ್ತಿ ಆಫ್ ಆಗಿರುವಾಗ ಮೋಟರ್ ಒಂದೇ ಕಾರನ್ನು ಓಡಿಸಬಲ್ಲದೇ? ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಬ್ಯಾಟರಿ ಚಾರ್ಜ್ ಮಾಡಬಹುದೇ? ಎರಡಕ್ಕೂ ‘ಇಲ್ಲ’ ಎಂದರೆ ಅದು ಮೈಲ್ಡ್ ಹೈಬ್ರಿಡ್. ಮೊದಲನೆಯದಕ್ಕೆ ಮಾತ್ರ ‘ಹೌದು’ ಎಂದರೆ ಸ್ಟ್ರಾಂಗ್ ಹೈಬ್ರಿಡ್. ಎರಡಕ್ಕೂ ‘ಹೌದು’ ಎಂದರೆ ಪ್ಲಗ್-ಇನ್. ಎಂಜಿನ್ ಇದ್ದೂ ಅದು ಚಕ್ರದ ತಂಟೆಗೇ ಹೋಗದೆ ಬರೀ ಕರೆಂಟ್ ತಯಾರಿಸುವ ಇನ್ನೊಂದು ಬಗೆಯೂ ಇದೆ. ಅದು ಚಿಕ್ಕಜಾಜೂರಿನ ರೈಲ್ವೆ ಹಳಿಯ ಮೇಲೆ ದಶಕಗಳ ಕಾಲ ಓಡಿದ ತಂತ್ರ. ಅದಕ್ಕೆ ಆಮೇಲೆ ಬರೋಣ.

ಮೈಲ್ಡ್ ಹೈಬ್ರಿಡ್‌ನಲ್ಲಿ ಇರುವುದು ಹಳೆಯ ಡೈನಮೋ ಜಾಗದಲ್ಲಿ ಕೂತ ಒಂದು ಯಂತ್ರ. ಬೆಲ್ಟಿನ ಮೂಲಕ ಎಂಜಿನ್ನಿಗೆ ಅಂಟಿಕೊಂಡಿರುವ ಇದು ಒಮ್ಮೆ ಕರೆಂಟ್ ತಯಾರಿಸುತ್ತದೆ, ಒಮ್ಮೆ ಸೆಲ್ಫ್ ಮೋಟರಿನಂತೆ ಎಂಜಿನ್ ಎಬ್ಬಿಸುತ್ತದೆ, ಪಿಕಪ್ ಬೇಕಾದಾಗ ಒಂದಿಷ್ಟು ಬಲ ಕೊಡುತ್ತದೆ. ಗಾಡಿ ಎಳೆಯುವ ಎತ್ತಲ್ಲ ಇದು, ಏರಿನಲ್ಲಿ ಹಿಂದಿನಿಂದ ತಳ್ಳುವ ಕೈ. ರೈಲ್ವೆ ಗೇಟ್ ಬಿದ್ದಾಗ ಎಂಜಿನ್ ತಾನಾಗಿ ಆಫ್ ಆಗಿ, ಕ್ಲಚ್ ಒತ್ತಿದೊಡನೆ ಸದ್ದಿಲ್ಲದೆ ಎದ್ದು ಕೂರುವುದು ಇದರ ದೊಡ್ಡ ಸಾಧನೆ. ಅದಕ್ಕೂ ಮಿತಿ ಉಂಟು. ಇಂಥ ಕಾರುಗಳಲ್ಲಿ ಎ.ಸಿ.ಯ ಕಂಪ್ರೆಸರ್ ಸಾಮಾನ್ಯವಾಗಿ ಎಂಜಿನ್ ಬೆಲ್ಟಿನಿಂದಲೇ ತಿರುಗುವುದರಿಂದ, ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಆಫ್ ಆದರೆ ಒಳಗೆ ಸೆಕೆ ಏರುತ್ತದೆ. ಕಾರು ಸೋತು ಎಂಜಿನ್ನನ್ನು ಮತ್ತೆ ಚಾಲೂ ಮಾಡುತ್ತದೆ.

ಇಷ್ಟಕ್ಕೇ ಸರ್ಕಾರದ ಸಬ್ಸಿಡಿಯೂ ಸಿಕ್ಕಿದ್ದ ಕಾಲವೊಂದಿತ್ತು. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ‘ಫೇಮ್’ ಯೋಜನೆ ಆರಂಭಿಸಿತು, ವಿದ್ಯುತ್ ವಾಹನಗಳಿಗೆ ಒತ್ತಾಸೆ ಕೊಡಬೇಕೆಂದು. ಅದೇ ವರ್ಷ ಮಾರುತಿಯ ಸಿಯಾಜ್ ಡೀಸೆಲ್ ‘ಎಸ್‌ಎಚ್‌ವಿಎಸ್’ ಎಂಬ ಹೆಸರಿನಲ್ಲಿ, ಲೀಟರಿಗೆ 28.09 ಕಿ.ಮೀ. ಎಂಬ ಘೋಷಣೆಯೊಂದಿಗೆ ಬಂತು. ಹಿಂದೆಯೇ ಎರ್ಟಿಗಾ ಬಂತು. ಒಂದೊಂದಕ್ಕೆ ಸುಮಾರು 13,000 ರೂಪಾಯಿ ರಿಯಾಯಿತಿ. ವಿದ್ಯುತ್ತಿನಿಂದ ಒಂದು ಅಡಿಯೂ ಓಡದ ಡೀಸೆಲ್ ಕಾರುಗಳು ವಿದ್ಯುತ್ ವಾಹನಗಳಿಗೆಂದು ಇಟ್ಟ ಹಣವನ್ನು ತಿನ್ನುತ್ತಿವೆ ಎಂದು ಗೊತ್ತಾಗಲು ಸರ್ಕಾರಕ್ಕೆ ಎರಡು ವರ್ಷ ಬೇಕಾಯಿತು. 2017ರ ಏಪ್ರಿಲ್ 1ರಿಂದ ಅವನ್ನು ಪಟ್ಟಿಯಿಂದ ಕೈಬಿಟ್ಟರು. ಅದಕ್ಕೂ ಹಿಂದೆ ಮಹೀಂದ್ರಾ ಸ್ಕಾರ್ಪಿಯೋ, ಬೊಲೆರೋಗಳ ಮೇಲೆ ಕಾಣುತ್ತಿದ್ದ ‘ಮೈಕ್ರೋ ಹೈಬ್ರಿಡ್’ ಇನ್ನೂ ಒಂದು ಮೆಟ್ಟಿಲು ಕೆಳಗಿನದು. ನಿಂತಾಗ ಎಂಜಿನ್ ನಿಲ್ಲಿಸುವುದು, ಹೊರಟಾಗ ಎಬ್ಬಿಸುವುದು, ಅದಿಷ್ಟೇ ಅದರ ಕೆಲಸ. ಅದನ್ನು ಹೈಬ್ರಿಡ್ ಎಂದು ಕರೆದದ್ದು ಮಾರಾಟ ವಿಭಾಗದ ಧಾರಾಳತನ.

ದುಬಾರಿ ಕಾರುಗಳಲ್ಲಿ ಈಗ 48 ವೋಲ್ಟಿನ ಮೈಲ್ಡ್ ಹೈಬ್ರಿಡ್ ಬರುತ್ತಿದೆ. ಟೊಯೊಟಾ ಫಾರ್ಚೂನರ್ ಡೀಸೆಲ್‌ಗೂ 2025ರಲ್ಲಿ ಅದು ಬಂತು. ಬಲ ತುಸು ಹೆಚ್ಚು, ತತ್ವ ಅದೇ.

ಕರ್ನಾಟಕದ ಮಟ್ಟಿಗೆ ಹೈಬ್ರಿಡ್‌ನ ನಿಜವಾದ ಮನೆ ಬಿಡದಿ. ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಹುಟ್ಟಿತು. ಅಲ್ಲಿಂದ ಹೊರಬಂದ ಕ್ವಾಲಿಸ್, 2005ರಿಂದ ಇನ್ನೋವಾ, ಆಮೇಲೆ ಕ್ರಿಸ್ಟಾ, ಮಧ್ಯ ಕರ್ನಾಟಕದ ಬಾಡಿಗೆ ಕಾರುಗಳ ಇತಿಹಾಸವನ್ನೇ ಬರೆದವು. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟ ಕುಟುಂಬ ‘ಒಂದು ಇನ್ನೋವಾ ಹೇಳ್ಬಿಡಿ’ ಎನ್ನುವುದು ರೂಢಿಯಾಯಿತು. ಇದೇ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. ಅದು ದೊಡ್ಡವರ ಕಾರು, ತಾಲ್ಲೂಕು ಕೇಂದ್ರಗಳ ಕಣ್ಣಿಗೆ ಬಿದ್ದದ್ದು ಅಪರೂಪ. ಜಪಾನಿನಲ್ಲಿ 1997ರಲ್ಲೇ ಬಂದಿದ್ದ ಪ್ರಿಯಸ್ 2010ರಲ್ಲಿ ಭಾರತಕ್ಕೆ ಆಮದಾಗಿ ಬಂದು ಬೆಲೆಯ ಭಾರಕ್ಕೆ ಕುಸಿದಿತ್ತು. ಅದಕ್ಕೂ ಮೊದಲು, 2008ರಲ್ಲಿ, ಹೋಂಡಾ ಸಿವಿಕ್ ಹೈಬ್ರಿಡ್ ಕೂಡ ಹೀಗೇ ಬಂದು ಹೋಗಿತ್ತು. ಪರಿಸ್ಥಿತಿ ಬದಲಾದದ್ದು 2022ರಲ್ಲಿ. ಟೊಯೊಟಾ ಹೈರೈಡರ್, ಅದರ ಅವಳಿಯಾದ ಮಾರುತಿ ಗ್ರ್ಯಾಂಡ್ ವಿಟಾರಾ, ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್, ಮರುವರ್ಷ ಮಾರುತಿ ಇನ್‌ವಿಕ್ಟೋ, ನಾಲ್ಕೂ ಬಿಡದಿಯಿಂದಲೇ ಹೊರಟವು.

ಈ ಕಾರುಗಳಲ್ಲಿರುವ ಸ್ಟ್ರಾಂಗ್ ಹೈಬ್ರಿಡ್ ಏರ್ಪಾಟನ್ನು ಹತ್ತಿರದಿಂದ ನೋಡುವುದು ಚೆನ್ನ. ಗೇರ್‌ಬಾಕ್ಸ್ ಎಂದು ನಾವು ಬಲ್ಲ ವಸ್ತು ಅದರಲ್ಲಿ ಇಲ್ಲ, ಕ್ಲಚ್ಚೂ ಇಲ್ಲ. ಇರುವುದು ಒಂದು ಗ್ರಹಚಕ್ರ ಗೇರು: ನಡುವೆ ಸೂರ್ಯನಂತೆ ಒಂದು ಚಕ್ರ, ಅದರ ಸುತ್ತ ತಿರುಗುವ ಸಣ್ಣ ಗ್ರಹಚಕ್ರಗಳು, ಹೊರಗೆ ಹಲ್ಲಿನ ಬಳೆ. ಎಂಜಿನ್ ಗ್ರಹಚಕ್ರಗಳ ಚೌಕಟ್ಟಿಗೆ ಜೋಡಣೆಯಾಗಿದೆ, ಒಂದು ಮೋಟರ್-ಜನರೇಟರ್ ಸೂರ್ಯಚಕ್ರಕ್ಕೆ. ದೊಡ್ಡ ಮೋಟರ್ ಮತ್ತು ರಸ್ತೆಯ ಚಕ್ರಗಳು ಹೊರಬಳೆಯ ಕಡೆಗಿವೆ. ಸೂರ್ಯಚಕ್ರದ ವೇಗ ಹೆಚ್ಚು ಕಡಿಮೆ ಮಾಡಿದರೆ ಸಾಕು, ಎಂಜಿನ್ ತನಗೆ ಹಿತವಾದ ವೇಗದಲ್ಲೇ ತಿರುಗುತ್ತಿರುತ್ತದೆ, ಕಾರು ತನ್ನ ವೇಗದಲ್ಲಿ ಓಡುತ್ತಿರುತ್ತದೆ. ಎಂಜಿನ್ನಿನ ಬಲದ ಒಂದು ಪಾಲು ನೇರವಾಗಿ ಚಕ್ರಕ್ಕೆ ಹೋಗುತ್ತದೆ, ಇನ್ನೊಂದು ಪಾಲು ಕರೆಂಟಾಗಿ ಸುತ್ತಿ ಬರುತ್ತದೆ.

ಗ್ರ್ಯಾಂಡ್ ವಿಟಾರಾದ ಎಂಜಿನ್ ಚಿಕ್ಕದೇಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಅದು ಅಟ್ಕಿನ್ಸನ್ ಕ್ರಮದ್ದು. ಒಳಗೆಳೆದ ಗಾಳಿಯಲ್ಲಿ ಒಂದಿಷ್ಟನ್ನು ವಾಲ್ವ್ ತಡವಾಗಿ ಮುಚ್ಚಿ ಹೊರಗೇ ಬಿಟ್ಟು, ಕಡಿಮೆ ಒತ್ತಿ ಹೆಚ್ಚು ಹಿಗ್ಗಲು ಬಿಡುತ್ತದೆ. ಪೆಟ್ರೋಲಿನ ಶಾಖದಲ್ಲಿ ಶೇಕಡ 40ರ ಆಸುಪಾಸನ್ನು ಕೆಲಸಕ್ಕೆ ತಿರುಗಿಸುವ ಇಂಥ ಎಂಜಿನ್‌ಗಳಿಗೆ ಆರಂಭದ ಎಳೆತ ಕಮ್ಮಿ. ಆ ಕೊರತೆಯನ್ನು 80 ಪಿ.ಎಸ್.ನ ಮೋಟರ್ ತುಂಬುತ್ತದೆ, ಏಕೆಂದರೆ ಮೋಟರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತ. ಎರಡೂ ಸೇರಿ 116 ಪಿ.ಎಸ್.

ಬ್ಯಾಟರಿ ಎಷ್ಟು ದೊಡ್ಡದು? ಕೇಳಿದವರಿಗೆ ನಿರಾಸೆಯಾಗಬಹುದು. ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ನದು 0.76 ಯೂನಿಟ್, ಅಂದರೆ ಬೆಸ್ಕಾಂ ಬಿಲ್ಲಿನಲ್ಲಿ ಒಂದು ಯೂನಿಟ್ಟೂ ಆಗದಷ್ಟು. ಟಾಟಾ ನೆಕ್ಸಾನ್ ಇವಿಯಲ್ಲಿ 30 ಅಥವಾ 45 ಯೂನಿಟ್ ಹಿಡಿಸುತ್ತದೆ. ಆದರೆ ಹೈಬ್ರಿಡ್‌ನ ಕೆಲಸಕ್ಕೆ ಇಷ್ಟೇ ಸಾಕು. ಜನ ತುಂಬಿ 1,600 ಕಿಲೋ ತೂಗುವ ಕಾರು 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 0.06 ಯೂನಿಟ್. ಮಾಮೂಲಿ ಕಾರಿನಲ್ಲಿ ಅದು ಬ್ರೇಕ್ ಪ್ಯಾಡಿನ ಬಿಸಿಯಾಗಿ ಹಾಳಾಗುತ್ತದೆ, ಇಲ್ಲಿ ಅದರ ದೊಡ್ಡ ಭಾಗ ಬ್ಯಾಟರಿಗೆ ವಾಪಸ್. ಹಂಪು, ಸಿಗ್ನಲ್, ದಾಟುವ ದನ, ಪ್ರತಿ ಸಲ ಹೀಗೆ ಚಿಲ್ಲರೆ ಉಳಿತಾಯವಾಗುತ್ತದೆ. ಘಾಟಿ ಇಳಿಯುವಾಗ ಮಾತ್ರ ಈ ಪುಟ್ಟ ಬ್ಯಾಟರಿಯ ಬಡತನ ಬಯಲಾಗುತ್ತದೆ. 500 ಮೀಟರ್ ಕೆಳಗಿಳಿದರೆ ಅದೇ ಕಾರಿನಿಂದ ಎರಡು ಯೂನಿಟ್ಟಿಗೂ ಮಿಕ್ಕಿ ಶಕ್ತಿ ಸಿಗಬೇಕು, ಇಡಲು ಜಾಗವೇ ಇಲ್ಲ. ಚಾರ್ಮಾಡಿ ಇಳಿಯುವಾಗ ಬ್ಯಾಟರಿ ತುಂಬಿದ ಮೇಲೆ ಎಂಜಿನ್ ಪೆಟ್ರೋಲ್ ಇಲ್ಲದೆಯೇ ಜೋರಾಗಿ ತಿರುಗಿ ಕಾರನ್ನು ತಡೆಯುತ್ತದೆ. ಹೊಸಬರು ಆ ಸದ್ದಿಗೆ ಗಾಬರಿಯಾಗುವುದುಂಟು, ಕಾರು ಕೆಟ್ಟಿರುವುದಿಲ್ಲ.

ಹೋಂಡಾದ ದಾರಿ ಬೇರೆ. 2022ರ ಸಿಟಿ ಇ:ಎಚ್‌ಇವಿ ಕಾರಿನಲ್ಲಿ ಊರೊಳಗಿನ ವೇಗಕ್ಕೆ ಮೋಟರ್ ಒಂದೇ ಚಕ್ರ ತಿರುಗಿಸುತ್ತದೆ; ಎಂಜಿನ್ ಹಿಂದೆ ನಿಂತು ಜನರೇಟರ್ ಓಡಿಸುತ್ತದೆ. ಹೈವೇಯಲ್ಲಿ ಒಂದೇ ವೇಗಕ್ಕೆ ಬಂದಾಗ ಒಂದು ಕ್ಲಚ್ ಹಿಡಿದು ಎಂಜಿನ್ ನೇರವಾಗಿ ಚಕ್ರಕ್ಕೆ ಜೋಡಣೆಯಾಗುತ್ತದೆ. ಫಲಿತಾಂಶ ಟೊಯೊಟಾಕ್ಕಿಂತ ದೂರವೇನಿಲ್ಲ.

ಈ ಕ್ಲಚ್ಚನ್ನೂ ತೆಗೆದುಹಾಕಿ, ಎಂಜಿನ್ನಿಗೂ ಚಕ್ರಕ್ಕೂ ಲೋಹದ ಸಂಬಂಧವೇ ಇಲ್ಲದಂತೆ ಮಾಡಿದರೆ ಅದು ಸೀರೀಸ್ ಹೈಬ್ರಿಡ್. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ, ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗ, ಬಳ್ಳಾರಿಯ ಹಳಿ ಕವಲೊಡೆಯುವ ಜಾಗದಲ್ಲಿ, ಹಳೆಯ ತಲೆಮಾರಿನವರು ನೋಡಿದ ಡೀಸೆಲ್ ಎಂಜಿನ್‌ಗಳು ಇದೇ ಮನೆತನದವು. ಮೀಟರ್‌ಗೇಜ್ ಕಾಲದ ವೈಡಿಎಂ-4 ಇರಲಿ, ಬ್ರಾಡ್‌ಗೇಜ್ ಆದ ಮೇಲೆ ಬಂದವಿರಲಿ, ಅವುಗಳ ಡೀಸೆಲ್ ಎಂಜಿನ್ ಚಕ್ರ ತಿರುಗಿಸುತ್ತಿರಲಿಲ್ಲ. ಅದು ಜನರೇಟರ್ ತಿರುಗಿಸುತ್ತಿತ್ತು, ಆ ಕರೆಂಟಿನಿಂದ ಅಚ್ಚುಗಳ ಬಳಿ ಕೂತ ಟ್ರ್ಯಾಕ್ಷನ್ ಮೋಟರ್‌ಗಳು ರೈಲನ್ನು ಎಳೆಯುತ್ತಿದ್ದವು. ಸಾವಿರಾರು ಟನ್ ಅದಿರನ್ನು ನಿಂತಲ್ಲಿಂದ ಕದಲಿಸಬಲ್ಲ ಕ್ಲಚ್ ಮಾಡುವುದಕ್ಕಿಂತ ಇದು ಸುಲಭ. ಬ್ಯಾಟರಿಯಲ್ಲಿ ಶಕ್ತಿ ಕೂಡಿಡುವ ಏರ್ಪಾಟು ಅವುಗಳಲ್ಲಿ ಇರಲಿಲ್ಲವಾದ್ದರಿಂದ ಕಟ್ಟುನಿಟ್ಟಾಗಿ ಹೈಬ್ರಿಡ್ ಎನ್ನಲಾಗದು; ಒಂದು ದೊಡ್ಡ ಬ್ಯಾಟರಿ ಸೇರಿಸಿದ್ದರೆ ಆಗುತ್ತಿತ್ತು. ಈಗ ಆ ಮಾರ್ಗಕ್ಕೆ ವಿದ್ಯುತ್ ತಂತಿ ಬಂದಿದೆ. 1900ರ ಸುಮಾರಿಗೆ ಫರ್ಡಿನಾಂಡ್ ಪೋರ್ಶೆ ಎಂಬ ಯುವ ಎಂಜಿನಿಯರ್ ಇದೇ ತತ್ವದ ಮೇಲೆ ಕಾರೊಂದನ್ನು ಕಟ್ಟಿದ್ದ. ಮೋಟರ್‌ಗಳನ್ನು ಚಕ್ರದ ಗುಂಬದೊಳಗೇ ಕೂರಿಸಿದ್ದ.

ಜಪಾನಿನಲ್ಲಿ ನಿಸ್ಸಾನ್ 2016ರಿಂದ ‘ಇ-ಪವರ್’ ಹೆಸರಿನಲ್ಲಿ ಇಂಥ ಕಾರು ಮಾರುತ್ತಿದೆ. ಚೀನಾದಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ ಸಣ್ಣ ಎಂಜಿನ್ ಹೊತ್ತ ‘ರೇಂಜ್ ಎಕ್ಸ್‌ಟೆಂಡರ್’ ಕಾರುಗಳಿಗೆ ಒಳ್ಳೆಯ ಬೇಡಿಕೆ ಇದೆ.

ಇನ್ನು ರಸ್ತೆಯ ಲೆಕ್ಕ. ಹೊಳಲ್ಕೆರೆಯವರ ದೊಡ್ಡ ಪ್ರಯಾಣವೆಂದರೆ ಬೆಂಗಳೂರು: ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಇನ್ನೂರು ಕಿ.ಮೀ. ಮೀರಿದ ದಾರಿ. ಅದರಲ್ಲಿ ಬಹುಪಾಲು 48ನೇ ರಾಷ್ಟ್ರೀಯ ಹೆದ್ದಾರಿ. ಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನೋಡುತ್ತ ನೂರರ ವೇಗದಲ್ಲಿ ಹೋಗುವಾಗ ಬ್ರೇಕ್ ಹಾಕುವ ಪ್ರಸಂಗ ಕಡಿಮೆ, ಮರಳಿ ಪಡೆಯುವ ಶಕ್ತಿಯೂ ಕಡಿಮೆ. ಎಂಜಿನ್ ಬಹುತೇಕ ಓಡುತ್ತಲೇ ಇರುತ್ತದೆ. ಸ್ಟ್ರಾಂಗ್ ಹೈಬ್ರಿಡ್ ಇಲ್ಲಿ ತನ್ನ ಅಟ್ಕಿನ್ಸನ್ ಎಂಜಿನ್ನಿನ ಮಿತವ್ಯಯದ ಮೇಲೆ ನಿಂತಿರುತ್ತದೆಯೇ ಹೊರತು ಬ್ಯಾಟರಿಯ ಮೇಲಲ್ಲ. ನೆಲಮಂಗಲ ದಾಟಿ ಪೀಣ್ಯದ ಟ್ರಾಫಿಕ್ಕಿಗೆ ಸಿಕ್ಕಿಕೊಂಡ ಕ್ಷಣ ಚಿತ್ರ ತಿರುಗುಮುರುಗಾಗುತ್ತದೆ. ಅಕ್ಕಪಕ್ಕದ ಕಾರುಗಳು ನಿಂತಲ್ಲೇ ಪೆಟ್ರೋಲ್ ಸುಡುತ್ತಿರುವಾಗ ಇದು ಮೌನವಾಗಿ ಜರುಗುತ್ತಿರುತ್ತದೆ, ಎ.ಸಿ.ಯೂ ಬ್ಯಾಟರಿಯಿಂದಲೇ. ಮಾಮೂಲಿ ಕಾರಿಗೆ ಹೈವೇಯಲ್ಲಿ ಮೈಲೇಜ್ ಹೆಚ್ಚು, ಊರಲ್ಲಿ ಕಮ್ಮಿ ಎಂಬ ನಮ್ಮ ಹಳೆಯ ತಿಳಿವಳಿಕೆಯನ್ನು ಈ ಕಾರು ಬುಡಮೇಲು ಮಾಡುತ್ತದೆ.

ದುಡ್ಡಿನ ಲೆಕ್ಕವನ್ನು ಒಂದು ಊಹೆಯ ಮೇಲೆ ಹಾಕಿ ನೋಡಬಹುದು. ಮೈಲ್ಡ್ ಕಾರು ನಿಜ ರಸ್ತೆಯಲ್ಲಿ ಲೀಟರಿಗೆ 17 ಕಿ.ಮೀ., ಸ್ಟ್ರಾಂಗ್ 23 ಕೊಡುತ್ತದೆ, ಪೆಟ್ರೋಲ್ 103 ರೂಪಾಯಿ, ಕಾರುಗಳ ಬೆಲೆಯ ಅಂತರ ಎರಡೂವರೆ ಲಕ್ಷ ಎಂದುಕೊಳ್ಳೋಣ. ವರ್ಷಕ್ಕೆ 15,000 ಕಿ.ಮೀ. ಓಡಿಸುವ ಮನೆಯವರಿಗೆ ಉಳಿಯುವುದು ಸುಮಾರು 23,700 ರೂಪಾಯಿ. ಹೆಚ್ಚು ಕೊಟ್ಟದ್ದು ಕೈಗೆ ಬರಲು ಹತ್ತು ವರ್ಷ ದಾಟುತ್ತದೆ. ಬಾಡಿಗೆಗೆ ಬಿಟ್ಟು 40,000 ಕಿ.ಮೀ. ಓಡಿಸುವವರಿಗೆ 63,000 ಉಳಿದು ನಾಲ್ಕು ವರ್ಷಕ್ಕೆ ಬಾಬತ್ತು ಚುಕ್ತಾ. ವಾರಕ್ಕೊಮ್ಮೆ ದುರ್ಗದ ಸಂತೆಗೂ ಆಸ್ಪತ್ರೆಗೂ ಹೋಗಿಬರುವ ಕುಟುಂಬಕ್ಕೆ ಮಾಮೂಲಿ ಪೆಟ್ರೋಲ್ ಕಾರೇ ಸಾಕೆಂದರೆ ಅದರಲ್ಲಿ ಸಂಕೋಚಪಡಬೇಕಾದ್ದೇನಿಲ್ಲ. ಟ್ಯಾಕ್ಸಿಯವರು ಹೈಕ್ರಾಸ್ ನೋಡುತ್ತಿರುವುದಕ್ಕೆ ಮಾತ್ರ ಗಟ್ಟಿ ಕಾರಣವಿದೆ: ಅಷ್ಟು ದೊಡ್ಡ ಗಾಡಿ, ಪೆಟ್ರೋಲಿನಲ್ಲಿ, ಕಂಪನಿಯ ಲೆಕ್ಕದಲ್ಲಿ ಲೀಟರಿಗೆ 23.24 ಕಿ.ಮೀ.

ತೆರಿಗೆಯವರು ಹೈಬ್ರಿಡ್‌ಗೆ ಅಷ್ಟೇನೂ ಮರ್ಯಾದೆ ಕೊಟ್ಟಿಲ್ಲ. ಕರ್ನಾಟಕದ ಆಜೀವ ತೆರಿಗೆಯಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇಕಡ 17, ಅದಕ್ಕೂ ಮೇಲೆ 18, ಜೊತೆಗೆ ಸೆಸ್; ಪೆಟ್ರೋಲ್ ಕಾರಿಗೂ ಹೈಬ್ರಿಡ್‌ಗೂ ಒಂದೇ ಪಟ್ಟಿ. ಉತ್ತರ ಪ್ರದೇಶ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ಬಿಡದಿಯ ಕಾರು ಲಖನೌದಲ್ಲಿ ತವರಿಗಿಂತ ಅಗ್ಗವಾದದ್ದು ಹೀಗೆ.

ರಿಪೇರಿಯ ಮಾತೂ ಇದೆ. ಟೊಯೊಟಾ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತದೆ. ಅರ್ಧ ಕೆಲಸವನ್ನು ಮೋಟರ್ ಮಾಡುವುದರಿಂದ ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ. ಬೇರೆಯಾಗಿ ಸೆಲ್ಫ್ ಮೋಟರ್ ಇಲ್ಲ, ಡೈನಮೋ ಇಲ್ಲ, ಆದ್ದರಿಂದ ಅವು ಕೆಡುವ ಪ್ರಶ್ನೆಯೂ ಇಲ್ಲ. ಹಾಗೆಂದು 12 ವೋಲ್ಟಿನ ಸಣ್ಣ ಬ್ಯಾಟರಿ ಹೋಗಿಲ್ಲ. ಕಂಪ್ಯೂಟರುಗಳನ್ನು ಎಬ್ಬಿಸುವುದು ಅದೇ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ‘ರೆಡಿ’ ಆಗುವುದಿಲ್ಲ. ನಾಲ್ಕು ಜನ ಸೇರಿ ತಳ್ಳಿ ಸೆಕೆಂಡ್ ಗೇರಿಗೆ ಹಾಕಿ ಎಬ್ಬಿಸುವ ನಮ್ಮೂರ ಉಪಾಯ ಇಲ್ಲಿ ನಡೆಯದು, ತಳ್ಳಿದರೂ ಹಾಕಲು ಗೇರೇ ಇಲ್ಲ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡಲ್ಲಿ ರಸ್ತೆ ಬದಿಯ ಮೆಕ್ಯಾನಿಕ್ ಕೈ ಹಾಕಬಾರದು. ಅದರೊಳಗಿನ ವೋಲ್ಟೇಜ್ ಜೀವ ತೆಗೆಯುವಂಥದ್ದು. ಬ್ಯಾಟರಿ ತಂಪಾಗಿರಲು ಗಾಳಿ ಹೀರುವ ಜಾಲರಿ ಸೀಟಿನ ಬಳಿ ಇರುತ್ತದೆ. ಗಣಿ ಲಾರಿಗಳ ಧೂಳು ತುಂಬಿದ ರಸ್ತೆಯ ಊರುಗಳಲ್ಲಿ ಪ್ರತಿ ಸರ್ವಿಸಿಗೂ ಅದನ್ನು ಸ್ವಚ್ಛ ಮಾಡಿಸುವುದು ಒಳ್ಳೆಯದು, ಅದರ ಮೇಲೆ ಲಗೇಜು ಒಟ್ಟದಿರುವುದು ಇನ್ನೂ ಒಳ್ಳೆಯದು.

ಉಳಿದದ್ದು ಪ್ಲಗ್-ಇನ್. ಹತ್ತಿಪ್ಪತ್ತು ಯೂನಿಟ್ಟಿನ ಬ್ಯಾಟರಿ, ಮನೆಯಲ್ಲೇ ಚಾರ್ಜ್, ಮೊದಲ ಐವತ್ತು-ಎಂಬತ್ತು ಕಿ.ಮೀ. ಬರೀ ಕರೆಂಟಿನಲ್ಲಿ, ಅದು ಮುಗಿದರೆ ಪೆಟ್ರೋಲ್. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೋ ಹೊಸದುರ್ಗಕ್ಕೋ ಹೋಗಿಬರುವ ದೂರ ಹೆಚ್ಚು ಕಡಿಮೆ ಈ ಅಳತೆಗೇ ಹೊಂದುತ್ತದೆ. ರಾತ್ರಿ 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತದೆ. ಬಹುಮಹಡಿ ಕಟ್ಟಡದ ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟಿಗಾಗಿ ಬಡಿದಾಡುವ ಬೆಂಗಳೂರಿನವರಿಗಿಂತ, ಸ್ವಂತ ಅಂಗಳವಿರುವ ತಾಲ್ಲೂಕಿನ ಮನೆಗೆ ಇದು ಹೆಚ್ಚು ಒಗ್ಗುವ ಕಾರು. ದೂರದ ಊರಿಗೆ ಹೊರಟಾಗ ಚಾರ್ಜಿಂಗ್ ಸ್ಟೇಷನ್ ಹುಡುಕುವ ತಲೆನೋವೂ ಇಲ್ಲ.

ಯೂರೋಪಿನ ಅನುಭವ ಇಲ್ಲಿ ಸ್ವಲ್ಪ ಎಚ್ಚರಿಸುತ್ತದೆ. ಅಲ್ಲಿ ಕಂಪನಿ ಕಾರಾಗಿ ಪ್ಲಗ್-ಇನ್ ಪಡೆದ ಬಹಳ ಜನ ಪ್ಲಗ್ಗಿಗೆ ಹಾಕುವುದನ್ನೇ ಮರೆತರು. 2021ರಲ್ಲಿ ನೋಂದಣಿಯಾದ ಪ್ಲಗ್-ಇನ್ ಕಾರುಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಲೆಕ್ಕಕ್ಕಿಂತ ಸುಮಾರು ಮೂರೂವರೆ ಪಟ್ಟು ಎಂದು ಯೂರೋಪಿಯನ್ ಕಮಿಷನ್ 2024ರಲ್ಲಿ ವರದಿ ಮಾಡಿತು. ಪೆಟ್ರೋಲಿಗೆ ಸ್ವಂತ ಜೇಬಿನಿಂದ ದುಡ್ಡು ಕೊಡುವವರು ಹಾಗೆ ಮರೆಯುವುದು ಕಡಿಮೆ.

ಭಾರತದಲ್ಲಿ ಪ್ಲಗ್-ಇನ್ ಕಂಡದ್ದು ವೋಲ್ವೊ ಎಕ್ಸ್‌ಸಿ90, ಬಿಎಂಡಬ್ಲ್ಯು ಎಕ್ಸ್‌ಎಂನಂಥ ಶ್ರೀಮಂತರ ಕಾರುಗಳಲ್ಲಿ ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲಿ ಪೂರ್ಣ ವಿದ್ಯುತ್ ಕಾರಿಗೆ ಶೇಕಡ 5. ನಾಲ್ಕು ಮೀಟರ್ ಉದ್ದವನ್ನೋ 1,200 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಮಿತಿಯನ್ನೋ ಮೀರಿದ ಹೈಬ್ರಿಡ್‌ಗೆ, ಅದು ಪ್ಲಗ್-ಇನ್ ಆಗಿರಲಿ ಸ್ಟ್ರಾಂಗ್ ಆಗಿರಲಿ, ಅದೇ ಗಾತ್ರದ ಪೆಟ್ರೋಲ್ ಕಾರಿನಷ್ಟೇ ಶೇಕಡ 40. ಹಿಂದೆ ಇಂಥ ಸ್ಟ್ರಾಂಗ್ ಹೈಬ್ರಿಡ್‌ಗೆ 43 ಇದ್ದು, ಅದರ ಜೋಡಿ ಪೆಟ್ರೋಲ್ ಕಾರಿಗೆ 45 ಅಥವಾ ಅದಕ್ಕೂ ಹೆಚ್ಚು ಇತ್ತು. ಆ ರಿಯಾಯಿತಿಯೂ ಈಗ ಉಳಿದಿಲ್ಲ. ದೊಡ್ಡ ಬ್ಯಾಟರಿ, ಎಂಜಿನ್, ಚಾರ್ಜರ್ ಮೂರನ್ನೂ ಒಂದೇ ಕಾರಿಗೆ ಕೂರಿಸಿ, ಅದರ ಮೇಲೆ ಶೇಕಡ 40 ತೆರಿಗೆಯನ್ನೂ ಹೊತ್ತು ಇಪ್ಪತ್ತು ಲಕ್ಷದೊಳಗೆ ಮಾರುವುದು ಯಾವ ಕಂಪನಿಗೂ ಸುಲಭವಲ್ಲ. ಆದ್ದರಿಂದ ಹೊಳಲ್ಕೆರೆಯಲ್ಲಿ ಆಯ್ಕೆ ಸದ್ಯಕ್ಕೆ ಬಿಡದಿಯ ಸ್ಟ್ರಾಂಗ್ ಹೈಬ್ರಿಡ್ ಮತ್ತು ನೇರ ಇವಿ ನಡುವೆಯೇ ಉಳಿದಿದೆ. ದಿನಕ್ಕೆ ಎಪ್ಪತ್ತು ಕಿ.ಮೀ. ಓಡಿಸಿ ರಾತ್ರಿ ಅಂಗಳದಲ್ಲಿ ನಿಲ್ಲಿಸುವವರು ಎರಡನೆಯದರ ಕಡೆಗೂ, ಮದುವೆ ಸೀಜನ್ನಿನಲ್ಲಿ ಒಂದೇ ದಿನ ಹುಬ್ಬಳ್ಳಿಗೂ ಬೆಂಗಳೂರಿಗೂ ಬಾಡಿಗೆ ಹಿಡಿಯುವವರು ಮೊದಲನೆಯದರ ಕಡೆಗೂ ವಾಲುತ್ತಿದ್ದರೆ ಇಬ್ಬರ ಲೆಕ್ಕವೂ ಸರಿಯೇ.